ಚೆಂಡು ಒಂದೇ, ಲೋಟ ಬೇರೆ: ಕ್ರಿಕೆಟಿಗ ಪಲ್ವಂಕರ್ ಬಾಲೂ ಅವರ ಬದುಕು

ಕ್ರೀಡೆ ಎಂದ ಕೂಡಲೇ ನಮಗೆ ನೆನಪಾಗುವುದು ಆರೋಗ್ಯ, ಶಿಸ್ತು, ಸ್ಪರ್ಧೆ ಮತ್ತು ಪದಕ. ದೈಹಿಕ ಶಿಕ್ಷಣದ ಪುಸ್ತಕ ತೆರೆದರೆ ಅಂಕಣದ ಅಳತೆ, ಆಟಗಾರರ ಸಂಖ್ಯೆ, ಅಂಕ ಕೊಡುವ ಕ್ರಮ ಸಿಗುತ್ತವೆ. ಮಾನವಶಾಸ್ತ್ರ ಇದೇ ಆಟವನ್ನು ಇನ್ನೊಂದು ಕಡೆಯಿಂದ ನೋಡುತ್ತದೆ. ಆಡುವವರು ಯಾರು, ಅಂಕಣ ಸಿದ್ಧಮಾಡಿ ಬದಿಗೆ ಸರಿಯುವವರು ಯಾರು? ಒಬ್ಬ ಮನುಷ್ಯನ ಮೈ ಒಂದು ಚಲನೆಯನ್ನು ಯಾರಿಂದ, ಹೇಗೆ ಕಲಿಯುತ್ತದೆ? ಆಟದೊಳಗೆ ಒಬ್ಬರನ್ನೊಬ್ಬರು ಮುಟ್ಟುವವರು ಆಟ ಮುಗಿದ ಮೇಲೆ ಜೊತೆಗೆ ಕೂತು ಉಣ್ಣುತ್ತಾರೆಯೇ? ಗೆದ್ದಾಗ ಯಾರನ್ನು ಹೆಗಲ ಮೇಲೆ ಹೊರುತ್ತಾರೆ, ನಾಯಕನನ್ನು ಆರಿಸುವಾಗ ಯಾರನ್ನು ಮರೆಯುತ್ತಾರೆ?

ಈ ಪ್ರಶ್ನೆಗಳನ್ನು ಸಿದ್ಧಾಂತವಾಗಿ ಓದುವುದಕ್ಕಿಂತ ಒಬ್ಬರ ಬದುಕಿನ ಮೂಲಕ ನೋಡಿದರೆ ಬೇಗ ಅರ್ಥವಾಗುತ್ತವೆ. ಅದಕ್ಕಾಗಿ ಇಲ್ಲಿ ಪಲ್ವಂಕರ್ ಬಾಲೂ ಅವರ ಜೀವನವನ್ನು ಆರಿಸಿಕೊಂಡಿದ್ದೇನೆ. ಭಾರತ ಟೆಸ್ಟ್ ಪಂದ್ಯ ಆಡುವುದಕ್ಕೆ ಮೊದಲೇ ಇಂಗ್ಲೆಂಡಿನ ನೆಲದಲ್ಲಿ ಒಂದೇ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದ ಬೌಲರ್ ಅವರು. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ಆದರೂ ನಮ್ಮ ಶಾಲೆಯ ಮಕ್ಕಳಿಗೆ, ಕ್ರಿಕೆಟ್ಟಿನ ಹುಚ್ಚಿರುವವರಿಗೂ, ಈ ಹೆಸರು ಅಷ್ಟಾಗಿ ಗೊತ್ತಿಲ್ಲ.

ಧಾರವಾಡದಿಂದ ಪುಣೆಗೆ

ಬಾಲೂ ಅವರು ಜನಿಸಿದ್ದು 1870ರ ದಶಕದ ಮಧ್ಯಭಾಗದಲ್ಲಿ. ಆಗ ಧಾರವಾಡ ಮುಂಬೈ ಪ್ರಾಂತ್ಯದ ಒಂದು ಜಿಲ್ಲೆ. ಕುಟುಂಬದ ಮೂಲ ಕೊಂಕಣ ಕರಾವಳಿಯ ರತ್ನಾಗಿರಿ ಕಡೆಯ ಪಾಲವಣ ಎಂಬ ಊರು. ಮನೆತನದ ಹೆಸರು ಬಂದದ್ದು ಅಲ್ಲಿಂದಲೇ. ಅವರು ಚರ್ಮದ ಕೆಲಸ ಮಾಡುವ ಚಮಾರ್ ಸಮುದಾಯಕ್ಕೆ ಸೇರಿದವರು. ಆ ಕಾಲದ ಜಾತಿ ವ್ಯವಸ್ಥೆಯಲ್ಲಿ ಈ ಸಮುದಾಯವನ್ನು ಅಸ್ಪೃಶ್ಯವೆಂದು ಊರಿನಿಂದ, ಬಾವಿಯಿಂದ, ದೇವಸ್ಥಾನದಿಂದ ದೂರ ಇಟ್ಟಿದ್ದರು.

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಥ ಕುಟುಂಬಗಳಿಗೆ ಹಳ್ಳಿಯ ಕಟ್ಟುಪಾಡಿನಿಂದ ಹೊರಬರಲು ಇದ್ದ ಕೆಲವೇ ದಾರಿಗಳಲ್ಲಿ ಬ್ರಿಟಿಷ್ ಸೈನ್ಯದ ನೌಕರಿ ಒಂದು. ಬಾಲೂ ಅವರ ತಂದೆಯೂ ಸೈನ್ಯಕ್ಕೆ ಸಂಬಂಧಿಸಿದ ಕೆಲಸದಲ್ಲಿದ್ದರು. ಹಾಗಾಗಿ ಕುಟುಂಬ ಪುಣೆಯಲ್ಲಿ ನೆಲೆಸಿತು. ಪುಣೆ ಆಗ ದೊಡ್ಡ ದಂಡು ಪ್ರದೇಶ. ಅಧಿಕಾರಿಗಳು ಬಿಡುವಿನಲ್ಲಿ ಕ್ರಿಕೆಟ್ ಆಡುತ್ತಿದ್ದರು. ಅವರು ಆಡಿ ಬಿಟ್ಟ ಹಳೆಯ ಬ್ಯಾಟು, ಚೆಂಡುಗಳಿಂದ ಬಾಲೂ ಮತ್ತು ತಮ್ಮ ಶಿವರಾಮ್ ಆಟ ಕಲಿತರು. ಮುಂದೆ ಇನ್ನಿಬ್ಬರು ತಮ್ಮಂದಿರಾದ ವಿಠ್ಠಲ್ ಮತ್ತು ಗಣಪತ್ ಕೂಡ ಕ್ರಿಕೆಟಿಗರಾದರು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕ್ರಿಕೆಟ್ ಚೆಂಡಿನ ಹೊದಿಕೆ ಚರ್ಮದ್ದು. ಚರ್ಮವನ್ನು ಹದಮಾಡುವವರನ್ನು ಮೈಲಿಗೆ ಎಂದು ದೂರ ಇಟ್ಟ ಸಮಾಜದ ಮೇಲ್ಜಾತಿಯ ಯುವಕರೇ ಆ ಚರ್ಮದ ಚೆಂಡನ್ನು ಅಂಗೈಯಲ್ಲಿ ಹಿಡಿದು ಸಂಭ್ರಮಿಸುತ್ತಿದ್ದರು. ಒಂದೇ ವಸ್ತು ಒಂದು ಜಾಗದಲ್ಲಿ ಮೈಲಿಗೆ, ಇನ್ನೊಂದು ಜಾಗದಲ್ಲಿ ಗೌರವದ ಗುರುತು. ಮಡಿ-ಮೈಲಿಗೆ ವಸ್ತುವಿನ ಗುಣವಲ್ಲ, ಅದು ಜನರ ನಡುವಿನ ಸಂಬಂಧದಿಂದ ಹುಟ್ಟುವ ನಿಯಮ ಎಂದು ಮಾನವಶಾಸ್ತ್ರಜ್ಞರು ಹೇಳುವುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಬೇಕಿಲ್ಲ.

ಮೈದಾನದ ಕೆಲಸ, ಮೈಯ ಕಲಿಕೆ

ಬಾಲೂ ಮೊದಲು ಮೈದಾನಕ್ಕೆ ಹೋದದ್ದು ಆಟಗಾರನಾಗಿ ಅಲ್ಲ, ಕೆಲಸದವನಾಗಿ. ಪುಣೆಯಲ್ಲಿ ಪಾರ್ಸಿಗಳು ನಡೆಸುತ್ತಿದ್ದ ಕ್ರಿಕೆಟ್ ಕ್ಲಬ್ಬಿನಲ್ಲಿ ಪಿಚ್ ಗುಡಿಸುವುದು, ರೋಲರ್ ಎಳೆಯುವುದು ಅವರ ಕೆಲಸ. ಸಂಬಳ ತಿಂಗಳಿಗೆ 3 ರೂಪಾಯಿ. 1892ರ ಹೊತ್ತಿಗೆ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಸೇರಿದಾಗ ಸಂಬಳ 4 ರೂಪಾಯಿ ಆಯಿತು. ಅಲ್ಲಿ ಪಿಚ್ ಸಿದ್ಧಮಾಡುವುದರ ಜೊತೆಗೆ ಅಭ್ಯಾಸದ ಬಲೆ ಕಟ್ಟುವುದು, ಟೆನಿಸ್ ಅಂಕಣಕ್ಕೆ ಗೆರೆ ಹಾಕುವುದೂ ಇತ್ತು.

ನೆಟ್ಸ್‌ನಲ್ಲಿ ಬ್ಯಾಟಿಂಗ್ ಅಭ್ಯಾಸ ಮಾಡುವ ಅಧಿಕಾರಿಗಳಿಗೆ ಚೆಂಡು ಎಸೆಯಲು ಯಾರಾದರೂ ಬೇಕಿತ್ತು. ಹಾಗೆ ಬಾಲೂ ಅವರ ಕೈಗೆ ಚೆಂಡು ಬಂತು. ಅವರದು ಎಡಗೈ, ನಿಧಾನಗತಿಯ ಸ್ಪಿನ್. ಕೆಲವೇ ದಿನಗಳಲ್ಲಿ ಈ ಕೆಲಸದ ಹುಡುಗನ ಎಸೆತ ಆಡುವುದು ಸುಲಭವಲ್ಲ ಎಂಬುದು ಎಲ್ಲರಿಗೂ ತಿಳಿಯಿತು. ಆಗ ಅಲ್ಲಿದ್ದ ಹೆಸರಾಂತ ಬ್ಯಾಟುಗಾರ ಜೆ.ಜಿ. ಗ್ರೆಗ್. ಅವರು ಕ್ಲಬ್ಬಿಗೆ ಎಲ್ಲರಿಗಿಂತ ಮೊದಲೇ ಬಂದು ಬಾಲೂ ಅವರ ಬೌಲಿಂಗ್ ಎದುರು ಗಂಟೆಗಟ್ಟಲೆ ಅಭ್ಯಾಸ ಮಾಡುತ್ತಿದ್ದರು. ತಮ್ಮನ್ನು ಔಟ್ ಮಾಡಿದ ಪ್ರತಿ ಸಲಕ್ಕೂ ಎಂಟಾಣೆ ಕೊಡುತ್ತಿದ್ದರು ಎಂಬ ಕಥೆಯೂ ಪ್ರಚಲಿತದಲ್ಲಿದೆ. ಅದು ಎಷ್ಟರ ಮಟ್ಟಿಗೆ ನಿಜವೋ, ಗ್ರೆಗ್ ಅವರ ಬ್ಯಾಟಿಂಗ್ ಬೆಳೆದದ್ದರಲ್ಲಿ ಬಾಲೂ ಅವರ ಪಾಲಿದೆ ಎಂಬುದಂತೂ ನಿಜ.

ಇಷ್ಟು ವರ್ಷ ಸಾವಿರಾರು ಎಸೆತ ಹಾಕಿದರೂ ಆ ಕ್ಲಬ್ಬಿನ ನೆಟ್ಸ್‌ನಲ್ಲಿ ಬಾಲೂ ಅವರಿಗೆ ಬ್ಯಾಟ್ ಮಾಡುವ ಅವಕಾಶ ಸಿಗಲಿಲ್ಲ. ಇದು ಒಬ್ಬಿಬ್ಬರ ಜಿಪುಣತನವಲ್ಲ. ಆ ಕಾಲದಲ್ಲಿ ಇಂಗ್ಲೆಂಡಿನಲ್ಲೂ ಬ್ಯಾಟಿಂಗ್ ಎಂದರೆ ದೊಡ್ಡವರ ಕಲೆ, ಬೌಲಿಂಗ್ ಎಂದರೆ ಬೆವರಿನ ದುಡಿಮೆ ಎಂಬ ಭಾವನೆ ಇತ್ತು. ಹಣ ಪಡೆದು ಆಡುವ ಬೌಲರ್‌ಗಳು ಬಹುಪಾಲು ಕೂಲಿ ಕುಟುಂಬಗಳಿಂದ ಬಂದವರು. ಭಾರತಕ್ಕೆ ಬಂದಾಗ ಈ ವರ್ಗಭೇದ ಇಲ್ಲಿನ ಜಾತಿಭೇದದ ಜೊತೆ ಸುಲಭವಾಗಿ ಹೊಂದಿಕೊಂಡಿತು.

ಫ್ರಾನ್ಸಿನ ಮಾನವಶಾಸ್ತ್ರಜ್ಞ ಮಾರ್ಸೆಲ್ ಮಾಸ್ 1934ರಲ್ಲಿ ದೇಹದ ತಂತ್ರಗಳ ಬಗ್ಗೆ ಒಂದು ಪ್ರಸಿದ್ಧ ಉಪನ್ಯಾಸ ಕೊಟ್ಟರು. ನಡೆಯುವುದು, ಈಜುವುದು, ಕುಕ್ಕರುಗಾಲಲ್ಲಿ ಕೂರುವುದು, ಗುದ್ದಲಿ ಹಿಡಿಯುವುದು ಇವೆಲ್ಲ ಹುಟ್ಟಿನಿಂದ ಬರುವ ಸಹಜ ಚಲನೆಗಳಲ್ಲ, ಪ್ರತಿಯೊಂದು ಸಮಾಜ ತನ್ನ ಮಕ್ಕಳ ಮೈಗೆ ಕಲಿಸುವ ಪಾಠಗಳು ಎಂಬುದು ಅವರ ವಾದದ ತಿರುಳು. ಮನುಷ್ಯನ ಮೊದಲ ಉಪಕರಣ ಅವನ ದೇಹವೇ. ಮಕ್ಕಳು ತಾವು ನಂಬುವ, ಯಶಸ್ಸು ಕಂಡವರ ಚಲನೆಯನ್ನು ನೋಡಿ ಅನುಕರಿಸುತ್ತಾರೆ ಎಂದೂ ಮಾಸ್ ಹೇಳಿದರು. ಬಾಲೂ ಅವರಿಗೆ ಯಾವ ಕೋಚ್ ಕೂಡ ಇರಲಿಲ್ಲ. ಅಲ್ಲಿ ಆಡುತ್ತಿದ್ದವರ ಬೌಲಿಂಗ್ ನೋಡಿ, ದಿನವೂ ಎಸೆದು, ತಪ್ಪಿ, ತಿದ್ದಿಕೊಂಡು ಅವರ ಕೈ ಪಳಗಿತು.

ಇನ್ನೊಂದು ಅನುಕೂಲವೂ ಅವರಿಗಿತ್ತು. ಪಿಚ್‌ನ ಮಣ್ಣನ್ನು ದಿನಾ ಮುಟ್ಟುತ್ತಿದ್ದವರು ಅವರೇ. ಸ್ಪಿನ್ ಬೌಲಿಂಗ್ ಎಂಬುದು ಘರ್ಷಣೆಯ ಆಟ. ತನ್ನ ಅಕ್ಷದ ಸುತ್ತ ತಿರುಗುತ್ತಾ ಬರುವ ಚೆಂಡು ನೆಲಕ್ಕೆ ತಾಗಿದಾಗ, ಚೆಂಡಿನ ಹೊಲಿಗೆಗೂ ಮಣ್ಣಿಗೂ ನಡುವೆ ಉಂಟಾಗುವ ಘರ್ಷಣೆ ಅದನ್ನು ಪಕ್ಕಕ್ಕೆ ತಿರುಗಿಸುತ್ತದೆ. ಮಣ್ಣು ಒಣಗಿ ಸಡಿಲವಾಗಿದ್ದರೆ ಹಿಡಿತ ಹೆಚ್ಚು. ರೋಲರ್‌ನಿಂದ ಗಟ್ಟಿಯಾಗಿ ನುಣುಪಾಗಿದ್ದರೆ ಹಿಡಿತ ಕಡಿಮೆ. ಎಲ್ಲಿ ತೇವ ಉಳಿದಿದೆ, ಎಲ್ಲಿ ಬಿರುಕು ಬಿಡುತ್ತದೆ ಎಂಬುದನ್ನು ರೋಲರ್ ಎಳೆಯುವವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಕೀಳೆಂದು ಎಣಿಸಿದ ಕೆಲಸವೇ ಅವರ ವಿದ್ಯೆಯ ಭಾಗವಾಯಿತು.

ಚಹಾ ವಿರಾಮದ ಹೊತ್ತು

ಪುಣೆಯ ಹಿಂದೂಗಳೂ ಒಂದು ಕ್ರಿಕೆಟ್ ತಂಡ ಕಟ್ಟಿದ್ದರು. ಯುರೋಪಿಯನ್ನರನ್ನು ಅವರದೇ ಆಟದಲ್ಲಿ ಸೋಲಿಸಬೇಕೆಂಬ ಆಸೆ ಅವರಿಗೆ. ಊರಿನ ಅತ್ಯುತ್ತಮ ಬೌಲರ್ ಯಾರೆಂದು ಅವರಿಗೆ ಗೊತ್ತಿತ್ತು. ಆದರೆ ಅವರನ್ನು ತಂಡಕ್ಕೆ ಸೇರಿಸಿಕೊಳ್ಳುವುದೇ ಬೇಡವೇ ಎಂಬ ಬಗ್ಗೆ ತಂಡದಲ್ಲಿ ಒಡಕು ಮೂಡಿತು. ಕೆಲವು ತೆಲುಗು ಆಟಗಾರರು ಸೇರಿಸಿಕೊಳ್ಳೋಣ ಎಂದರೆ, ಸ್ಥಳೀಯ ಬ್ರಾಹ್ಮಣ ಆಟಗಾರರಲ್ಲಿ ಹಲವರು ಹಿಂಜರಿದರು. ಕೊನೆಗೆ ಗೆಲ್ಲುವ ಆಸೆ ದೊಡ್ಡದಾಯಿತು. ಬಾಲೂ ತಂಡಕ್ಕೆ ಬಂದರು.

ಮೈದಾನದೊಳಗೆ ಎಲ್ಲರೂ ಅದೇ ಚೆಂಡನ್ನು ಮುಟ್ಟುತ್ತಿದ್ದರು. ಬಾಲೂ ಎಸೆದ ಚೆಂಡನ್ನು ಸ್ಲಿಪ್‌ನಲ್ಲಿದ್ದವರು ಹಿಡಿಯುತ್ತಿದ್ದರು, ಮತ್ತೆ ಅವರ ಕೈಗೇ ಮರಳಿಸುತ್ತಿದ್ದರು. ಚಹಾ ವಿರಾಮವಾದಾಗ ಚಿತ್ರ ಬದಲಾಗುತ್ತಿತ್ತು. ಉಳಿದವರು ಪೆವಿಲಿಯನ್ ಒಳಗೆ ಪಿಂಗಾಣಿ ಬಟ್ಟಲಿನಲ್ಲಿ ಚಹಾ ಕುಡಿದರೆ, ಬಾಲೂ ಅವರಿಗೆ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ. ಮುಖ ತೊಳೆಯಲು ನೀರು ಬೇಕಾದರೆ ಅವರದೇ ಸ್ಥಿತಿಯ ಇನ್ನೊಬ್ಬ ಕೆಲಸದವನು ಮೈದಾನದ ಮೂಲೆಯಲ್ಲಿ ತಂದು ಕೊಡಬೇಕು. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು.

ನಮ್ಮ ಹಳ್ಳಿಯ ಹೋಟೆಲುಗಳಲ್ಲಿ ನಡೆದುಬಂದ ಎರಡು ಲೋಟದ ಪದ್ಧತಿಯ ಬಗ್ಗೆ ಕೇಳಿದವರಿಗೆ ಇದು ಅಪರಿಚಿತವಲ್ಲ. ಮೈಸೂರಿನವರೇ ಆದ ಸಮಾಜ ಮಾನವಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು ಕೊಡಗಿನಲ್ಲಿ, ಆಮೇಲೆ ರಾಂಪುರ ಎಂದು ಅವರು ಕರೆದ ಹಳ್ಳಿಯಲ್ಲಿ ಅಧ್ಯಯನ ಮಾಡಿದಾಗ, ಯಾರು ಯಾರ ಕೈಯಿಂದ ನೀರು, ಬೇಯಿಸಿದ ಅನ್ನ ತೆಗೆದುಕೊಳ್ಳುತ್ತಾರೆ ಎಂಬುದನ್ನು ಗಮನಿಸಿಯೇ ಜಾತಿಗಳ ಮೇಲು-ಕೀಳಿನ ಕ್ರಮವನ್ನು ಗುರುತಿಸಿದರು. ಕ್ರಿಕೆಟ್ ಮೈದಾನದಲ್ಲಿ ಆದದ್ದೂ ಅದೇ. ಆಟ ಹೊರಗಿನಿಂದ ಬಂದದ್ದು, ಅದಕ್ಕೆ ಹಳೆಯ ಕಟ್ಟುಪಾಡು ಇರಲಿಲ್ಲ. ಹಾಗಾಗಿ ಚೆಂಡಿಗೆ ಮೈಲಿಗೆ ತಗುಲಲಿಲ್ಲ. ನೀರು, ಅನ್ನ, ಚಹಾ ಮಾತ್ರ ಹಳೆಯ ನಿಯಮದೊಳಗೇ ಉಳಿದವು. ಬೌಂಡರಿ ಗೆರೆ ಎರಡು ನಿಯಮಾವಳಿಗಳ ನಡುವಿನ ಗಡಿಯೂ ಆಗಿತ್ತು.

ಹೀಗಿದ್ದೂ ಪಂದ್ಯಗಳನ್ನು ಗೆಲ್ಲಿಸಿದವರು ಬಾಲೂ. ಸಾತಾರಾದಲ್ಲಿ ಬಿಳಿಯರ ಜಿಮ್ಖಾನಾ ವಿರುದ್ಧ ಆಡಿದ ಪಂದ್ಯ ಇದರಲ್ಲಿ ಪ್ರಸಿದ್ಧ. ಬಾಲೂ ಅವರ ಸ್ಪಿನ್ನಿಗೆ ಹೆದರಿ ಅಲ್ಲಿಯವರು ಪಿಚ್ ಮೇಲೆ ದಿನಗಟ್ಟಲೆ ರೋಲರ್ ಎಳೆಸಿ ಗಟ್ಟಿಮಾಡಿದ್ದರು. ಆದರೂ ಬಾಲೂ 7 ವಿಕೆಟ್ ಪಡೆದು ತಂಡವನ್ನು ಗೆಲ್ಲಿಸಿದರು. ಅಲ್ಲಿ ಅವರಿಗೆ ಮೆರವಣಿಗೆಯಾಯಿತು. ಪುಣೆಯಲ್ಲಿ ನಡೆದ ಸನ್ಮಾನದಲ್ಲಿ ಸಮಾಜ ಸುಧಾರಕ ಮಹಾದೇವ ಗೋವಿಂದ ರಾನಡೆ ಅವರು, ಜೊತೆಯಲ್ಲಿ ಆಡಲು ಬೇಕಾದವನು ಜೊತೆಯಲ್ಲಿ ಕೂತು ಉಣ್ಣಲು ಬೇಡವಾಗುವುದು ಹೇಗೆ ಎಂದು ಆಟಗಾರರನ್ನು ನೇರವಾಗಿಯೇ ಕೇಳಿದರು. ಬಾಲಗಂಗಾಧರ ತಿಲಕರೂ ಬಾಲೂ ಅವರನ್ನು ಗೌರವಿಸಿದರು.

ಮುಂಬೈ ಮತ್ತು 1906ರ ಗೆಲುವು

1896ರಲ್ಲಿ ಪ್ಲೇಗ್ ಹರಡಿದ ಕಾಲದಲ್ಲಿ ಬಾಲೂ ಅವರ ಕುಟುಂಬ ಮುಂಬೈಗೆ ಬಂತು. ಅವರು ಕೆಲಕಾಲ ಸೈನ್ಯದ ತುಕಡಿಯಲ್ಲಿದ್ದು, ಆಮೇಲೆ ಬಿ.ಬಿ. ಅಂಡ್ ಸಿ.ಐ. ರೈಲ್ವೆಯಲ್ಲಿ ನೌಕರಿ ಹಿಡಿದು ಆ ಸಂಸ್ಥೆಯ ತಂಡಕ್ಕೂ ಆಡಿದರು. ಜೊತೆಗೆ 1894ರಲ್ಲಿ ಸ್ಥಾಪನೆಯಾಗಿದ್ದ ಪರಮಾನಂದದಾಸ್ ಜೀವನದಾಸ್ ಹಿಂದೂ ಜಿಮ್ಖಾನಾದ ತಂಡಕ್ಕೂ ಸೇರಿದರು. ಅಲ್ಲಿಯೂ ಮೊದಲು ಆಕ್ಷೇಪಣೆ ಬಂತು. ನಾಯಕ ಕೀರ್ತಿಕರ್ ಪಟ್ಟುಹಿಡಿದದ್ದರಿಂದ ಅವಕಾಶ ಸಿಕ್ಕಿತು.

ಮುಂಬೈಯ ಕ್ರಿಕೆಟ್ ಆಗ ಧರ್ಮದ ಆಧಾರದ ಮೇಲೆ ಹಂಚಿಹೋಗಿತ್ತು. ಪಾರ್ಸಿಗಳಿಗೆ ಒಂದು ತಂಡ, ಯುರೋಪಿಯನ್ನರಿಗೆ ಒಂದು, ಹಿಂದೂಗಳಿಗೆ ಒಂದು, ಮುಂದೆ ಮುಸ್ಲಿಮರಿಗೂ ಒಂದು. 1907ರಲ್ಲಿ ತ್ರಿಕೋನ ಪಂದ್ಯಾವಳಿ, 1912ರಲ್ಲಿ ಚತುಷ್ಕೋನ, 1937ರಲ್ಲಿ ಪಂಚಕೋನ ಪಂದ್ಯಾವಳಿ ಶುರುವಾದವು. ಒಂದು ಸಮುದಾಯ ತನ್ನನ್ನು ತಾನು ಹೇಗೆ ಗುರುತಿಸಿಕೊಳ್ಳುತ್ತದೆ ಎಂಬುದು ತಂಡದ ಹೆಸರಿನಲ್ಲೇ ಕಾಣುತ್ತಿತ್ತು. ಇಲ್ಲಿ ಬಾಲೂ ಅವರ ಸ್ಥಾನ ವಿಚಿತ್ರವಾದದ್ದು. ದೇವಸ್ಥಾನದ ಬಾಗಿಲಲ್ಲಿ ಅವರನ್ನು ತಮ್ಮವರೆಂದು ಒಪ್ಪದವರು, ಸ್ಕೋರ್ ಪುಸ್ತಕದಲ್ಲಿ ಅವರನ್ನು ಹಿಂದೂ ತಂಡದ ಮುಖ್ಯ ಬೌಲರ್ ಎಂದು ಹೆಮ್ಮೆಯಿಂದ ಬರೆದುಕೊಳ್ಳುತ್ತಿದ್ದರು.

1906ರ ಫೆಬ್ರವರಿಯಲ್ಲಿ ಹಿಂದೂಗಳು ಯುರೋಪಿಯನ್ನರನ್ನು ಮುಂಬೈಯಲ್ಲಿ ಎದುರಿಸಿದರು. ಹಿಂದೂಗಳು ಎರಡು ಇನಿಂಗ್ಸ್‌ಗಳಲ್ಲಿ 242 ಮತ್ತು 160 ರನ್ ಮಾಡಿದರೆ, ಯುರೋಪಿಯನ್ನರು 191 ಮತ್ತು 102 ಮಾಡಿ 109 ರನ್‌ಗಳಿಂದ ಸೋತರು. ಬಾಲೂ ಪಡೆದ ವಿಕೆಟ್‌ಗಳು ಒಟ್ಟು 8. ಸ್ವದೇಶಿ ಚಳವಳಿ ನಡೆಯುತ್ತಿದ್ದ ಹೊತ್ತಿನಲ್ಲಿ ಬಂದ ಈ ಜಯಕ್ಕೆ ದೇಶದಾದ್ಯಂತ ಮನ್ನಣೆ ಸಿಕ್ಕಿತು. ಇಂಡಿಯನ್ ಸೋಶಿಯಲ್ ರಿಫಾರ್ಮರ್ ಪತ್ರಿಕೆಗೆ ರನ್‌ಗಳಿಗಿಂತ ಹೆಚ್ಚು ಮಹತ್ವದ್ದಾಗಿ ಕಂಡದ್ದು ಬೇರೆಯೇ ಸಂಗತಿ. ಪುಣೆಯಲ್ಲಿ ಪೆವಿಲಿಯನ್ ಹೊರಗೆ ಚಹಾ ಕುಡಿಯುತ್ತಿದ್ದ ಈ ಸಹೋದರರು ಮುಂಬೈಯಲ್ಲಿ ಉಳಿದ ಆಟಗಾರರ ಜೊತೆ ಊಟಕ್ಕೆ ಕೂರುವಂತಾಗಿದ್ದರು. ಹತ್ತು-ಹನ್ನೆರಡು ವರ್ಷಗಳಲ್ಲಿ ಕುಡಿಕೆಯಿಂದ ಮೇಜಿನವರೆಗೆ ಬಂದ ದಾರಿ ಅದು.

ಇಂಗ್ಲೆಂಡಿನಲ್ಲಿ 114 ವಿಕೆಟ್

1911ರಲ್ಲಿ ಮೊದಲ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ನಾಯಕರು ಪಟಿಯಾಲಾದ ಯುವ ಮಹಾರಾಜ ಭೂಪಿಂದರ್ ಸಿಂಗ್. ಪಾರ್ಸಿ, ಹಿಂದೂ, ಮುಸ್ಲಿಂ ಆಟಗಾರರು ಒಂದೇ ತಂಡದಲ್ಲಿದ್ದರು. ಮಹಾರಾಜನೂ ಮೈದಾನ ಗುಡಿಸಿ ಬಂದವರೂ ಒಂದೇ ಹಡಗಿನಲ್ಲಿದ್ದರು. ಬಾಲೂ ಅವರ ತಮ್ಮ ಶಿವರಾಮ್ ಕೂಡ ಆಯ್ಕೆಯಾಗಿದ್ದರು. ಮಹಾರಾಜರು ಲಂಡನ್ನಿನ ಪಟ್ಟಾಭಿಷೇಕದ ಸಂಭ್ರಮ, ಔತಣಗಳಲ್ಲಿ ಮುಳುಗಿ ಕೆಲವೇ ಪಂದ್ಯ ಆಡಿದರು. ತಂಡದ ಒಟ್ಟಾರೆ ಫಲಿತಾಂಶ ಹೇಳಿಕೊಳ್ಳುವಂತಿರಲಿಲ್ಲ. 14 ಪ್ರಥಮ ದರ್ಜೆ ಪಂದ್ಯಗಳಲ್ಲಿ ಗೆದ್ದದ್ದು ಲೀಸ್ಟರ್‌ಶೈರ್ ಮತ್ತು ಸೋಮರ್‌ಸೆಟ್ ವಿರುದ್ಧ ಎರಡು ಮಾತ್ರ.

ಆದರೆ ಬಾಲೂ ಎಲ್ಲ ಪಂದ್ಯಗಳು ಸೇರಿ 18.84ರ ಸರಾಸರಿಯಲ್ಲಿ 114 ವಿಕೆಟ್ ಪಡೆದರು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಇನಿಂಗ್ಸ್‌ನಲ್ಲಿ 103 ರನ್ನಿಗೆ 8 ವಿಕೆಟ್ ತೆಗೆದರು. ಆಗ ಅವರಿಗೆ ವಯಸ್ಸು ಮೂವತ್ತೈದರ ಆಸುಪಾಸು. ಪುಣೆಯ ನೆಟ್ಸ್‌ನಲ್ಲಿ ಅಧಿಕಾರಿಗಳಿಗೆ ಅಭ್ಯಾಸಕ್ಕಾಗಿ ಎಸೆದ ಕೈ, ಅವರ ದೇಶದಲ್ಲೇ ಅವರ ಅತ್ಯುತ್ತಮ ಬ್ಯಾಟುಗಾರರನ್ನು ಕಾಡಿತು. ಇಡೀ ವೃತ್ತಿಜೀವನದಲ್ಲಿ ಬಾಲೂ 33 ಪ್ರಥಮ ದರ್ಜೆ ಪಂದ್ಯಗಳಿಂದ 179 ವಿಕೆಟ್ ಪಡೆದಿದ್ದಾರೆ, ಸರಾಸರಿ 15.21. ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ. ಅಷ್ಟು ಹೊತ್ತಿಗೆ ಅವರ ಆಟದ ಕಾಲ ಮುಗಿದಿತ್ತು.

ಮರಳಿ ಬಂದಾಗ ಮುಂಬೈಯಲ್ಲಿ ಅವರ ಸಮುದಾಯದ ಜನ ಅವರನ್ನು ಸನ್ಮಾನಿಸಿದರು. ಆಗ ಎಲ್ಫಿನ್‌ಸ್ಟನ್ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಭೀಮರಾವ್ ಅಂಬೇಡ್ಕರ್ ಅವರಿಗೂ ಬಾಲೂ ಹೆಮ್ಮೆಯ ವ್ಯಕ್ತಿ. ಅವಕಾಶ ಸಿಕ್ಕರೆ ಹುಟ್ಟು ಅಡ್ಡಿಯಲ್ಲ ಎಂಬುದಕ್ಕೆ ಕಣ್ಣೆದುರಿಗೆ ಇದ್ದ ಸಾಕ್ಷಿ ಅವರು.

ಕೊನೆಯ ಬಾಗಿಲು: ನಾಯಕತ್ವ

ಚೆಂಡು ಕೊಟ್ಟರು, ಆಮೇಲೆ ಊಟದ ಮೇಜೂ ಸಿಕ್ಕಿತು. ಉಳಿದದ್ದು ನಾಯಕತ್ವ. ಬೌಲರ್ ಆಗಿ ಒಬ್ಬ ದಲಿತನನ್ನು ಬಳಸಿಕೊಳ್ಳುವುದು ಬೇರೆ, ಅವನ ಮಾತಿನಂತೆ ನಡೆಯುವುದು ಬೇರೆ. ಎಲ್ಲಿ ನಿಲ್ಲಬೇಕು, ಯಾವಾಗ ಬೌಲ್ ಮಾಡಬೇಕು ಎಂದು ನಾಯಕ ಹೇಳುತ್ತಾನೆ. ಮೇಲ್ಜಾತಿಯವರು ಅದನ್ನು ಪಾಲಿಸಬೇಕಾಗುತ್ತದೆ. 1911ರ ನಂತರದ ವರ್ಷಗಳಲ್ಲಿ ಬಾಲೂ ತಂಡದ ಹಿರಿಯ, ಹೆಚ್ಚು ಅನುಭವಿ ಆಟಗಾರ. ಆದರೂ ವರ್ಷ ವರ್ಷವೂ ನಾಯಕ ಪಟ್ಟ ಬೇರೆಯವರ ಪಾಲಾಯಿತು.

1920ರ ಚತುಷ್ಕೋನ ಪಂದ್ಯಾವಳಿಯಲ್ಲಿ ಇದು ಹೊರಗೆ ಸಿಡಿಯಿತು. ನಾಯಕ ಎಂ.ಡಿ. ಪೈ ಅವರಿಗೆ ಅನಾರೋಗ್ಯವಾದಾಗ ಅವರ ಜಾಗಕ್ಕೆ ಪುಣೆಯ ಡಿ.ಬಿ. ದೇವಧರ್ ಅವರನ್ನು ಆರಿಸಿದರು. ಬಾಲೂ ತಂಡದಲ್ಲೇ ಇರಲಿಲ್ಲ. ತಂಡದಲ್ಲಿದ್ದ ಶಿವರಾಮ್ ಮತ್ತು ವಿಠ್ಠಲ್ ಇಬ್ಬರೂ ದೇವಧರ್ ಅವರಿಗಿಂತ ಹಿರಿಯರು. ಈ ಸಹೋದರರು ಆಡುವುದಿಲ್ಲವೆಂದು ಹಿಂದೆ ಸರಿದರು. ತಮ್ಮನ್ನು ಕಡೆಗಣಿಸಿದ್ದಕ್ಕೆ ಕಾರಣ ಆಟವಲ್ಲ, ಜಾತಿ ಎಂಬುದನ್ನು ಬಹಿರಂಗ ಹೇಳಿಕೆಯಲ್ಲಿ ತಿಳಿಸಿದರು. ಅದೇ ಡಿಸೆಂಬರಿನಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನ ಅಸ್ಪೃಶ್ಯತೆಯ ನಿವಾರಣೆಗೆ ಕರೆ ಕೊಟ್ಟಿತ್ತು. ಮುಂಬೈಯ ಜನಾಭಿಪ್ರಾಯ ಸಹೋದರರ ಕಡೆ ವಾಲಿತು. ಅಂತಿಮ ಪಂದ್ಯಕ್ಕೆ ಬಾಲೂ ಅವರನ್ನು ಕರೆತಂದು ಉಪನಾಯಕ ಮಾಡಿದರು, ಸಹೋದರರೂ ಮರಳಿದರು. ಪಂದ್ಯದ ನಡುವೆ ಪೈ ತಾವೇ ಮೈದಾನದಿಂದ ಹೊರಹೋಗಿ, ಸ್ವಲ್ಪ ಹೊತ್ತು ತಂಡವನ್ನು ಬಾಲೂ ನಡೆಸುವಂತೆ ಮಾಡಿದರು.

ಮೂರು ವರ್ಷದ ನಂತರ, 1923ರಲ್ಲಿ, ವಿಠ್ಠಲ್ ಹಿಂದೂ ತಂಡದ ಪೂರ್ಣ ನಾಯಕರಾದರು. ಯುರೋಪಿಯನ್ನರನ್ನು ಸೋಲಿಸಿದ ಮೇಲೆ ಮೇಲ್ಜಾತಿಯ ಯುವಕರೇ ಅವರನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅಣ್ಣನಿಗೆ ಸಿಗದ ಗೌರವ ತಮ್ಮನಿಗೆ ಸಿಕ್ಕಿತು. ಅದು ಕಾಲ ಕಳೆದಂತೆ ತಾನಾಗಿ ಬಂದದ್ದಲ್ಲ. 1920ರಲ್ಲಿ ಆಡುವುದಿಲ್ಲ ಎಂದು ನಿಂತದ್ದರ ಫಲವೂ ಅದರಲ್ಲಿ ಸೇರಿದೆ.

ಮೈದಾನದ ಆಚೆ

ಕ್ರಿಕೆಟ್ ಬಿಟ್ಟ ಮೇಲೆ ಬಾಲೂ ಸಾರ್ವಜನಿಕ ಜೀವನಕ್ಕೆ ಬಂದರು. 1927ರಲ್ಲಿ ಅಂಬೇಡ್ಕರ್ ಅವರ ನೇತೃತ್ವದಲ್ಲಿ ಮಹಾಡದ ಚವದಾರ್ ಕೆರೆಯ ನೀರು ಮುಟ್ಟುವ ಸತ್ಯಾಗ್ರಹ ನಡೆಯಿತು. ಮೈದಾನದ ಮೂಲೆಯಲ್ಲಿ ಬಾಲೂ ಅವರಿಗೆ ಬೇರೆಯಾಗಿ ಕೊಡುತ್ತಿದ್ದ ನೀರಿನ ಪ್ರಶ್ನೆಯೇ ಇಲ್ಲಿ ಇಡೀ ಸಮುದಾಯದ ಹಕ್ಕಿನ ಪ್ರಶ್ನೆಯಾಗಿ ಎದ್ದಿತ್ತು. ಆದರೆ ಮುಂದಿನ ದಾರಿಯ ವಿಷಯದಲ್ಲಿ ಇಬ್ಬರೂ ಬೇರೆಯಾದರು. ಪ್ರತ್ಯೇಕ ಚುನಾಯಕ ವರ್ಗ ಬೇಕೆಂದು ಅಂಬೇಡ್ಕರ್ ವಾದಿಸಿದರೆ, ಎಂ.ಸಿ. ರಾಜಾ ಅವರ ಜೊತೆ ಬಾಲೂ ಜಂಟಿ ಚುನಾಯಕ ವರ್ಗದ ಪರ ನಿಂತರು. 1932ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ಯೆರವಡಾ ಸೆರೆಮನೆಯಲ್ಲಿ ಉಪವಾಸ ಕೂತಾಗ ನಡೆದ ಮಾತುಕತೆಗಳಲ್ಲಿ ಬಾಲೂ ಇದ್ದರು. ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರ ಪಟ್ಟಿಯಲ್ಲಿ ಅವರ ಹೆಸರಿದೆ.

1937ರ ಮುಂಬೈ ಶಾಸನಸಭೆಯ ಚುನಾವಣೆಯಲ್ಲಿ ಅಂಬೇಡ್ಕರ್ ಅವರು ತಮ್ಮ ಸ್ವತಂತ್ರ ಕಾರ್ಮಿಕ ಪಕ್ಷದಿಂದ ನಿಂತರು. ಅವರ ಎದುರು ಕಾಂಗ್ರೆಸ್ ಬಾಲೂ ಅವರನ್ನು ಕಣಕ್ಕಿಳಿಸಿತು. ಅಂಬೇಡ್ಕರ್ 13,245 ಮತ ಪಡೆದು ಗೆದ್ದರು. ಬಾಲೂ ಅವರಿಗೆ 11,225. ಒಮ್ಮೆ ತನ್ನ ಅಭಿಮಾನಿಯಾಗಿದ್ದ ಯುವಕನ ಎದುರು ಅವರು ಸೋತರು. ಇದನ್ನು ಬರೀ ಸೋಲು-ಗೆಲುವು ಎಂದು ನೋಡಿದರೆ ಸಾಲದು. ಇಬ್ಬರೂ ಒಂದೇ ಗೋಡೆಯನ್ನು ಕಂಡವರು. ಒಳಗಿದ್ದುಕೊಂಡೇ ಒಂದೊಂದು ಬಾಗಿಲು ತೆರೆಸಬಹುದು ಎಂದು ನಂಬುವುದಕ್ಕೆ ಬಾಲೂ ಅವರ ಕ್ರಿಕೆಟ್ ಬದುಕು ಕಾರಣವಾಗಿರಬಹುದು. ಬಾಗಿಲು ತೆರೆಯುವ ಕೀಲಿ ಇನ್ನೊಬ್ಬರ ಕೈಯಲ್ಲೇ ಇರಬಾರದು ಎಂಬುದು ಅಂಬೇಡ್ಕರ್ ಅವರ ನಿಲುವು.

ಬಾಲೂ 1955ರ ಜುಲೈನಲ್ಲಿ ಮುಂಬೈಯಲ್ಲಿ ನಿಧನರಾದರು.

ನಮ್ಮ ತರಗತಿಗೆ ಇದರಿಂದ ಏನು?

ಆಟ ಎಲ್ಲರನ್ನೂ ಸಮಾನರನ್ನಾಗಿ ಮಾಡುತ್ತದೆ ಎಂದು ಕ್ರೀಡಾ ದಿನಾಚರಣೆಯ ಭಾಷಣಗಳಲ್ಲಿ ಕೇಳುತ್ತೇವೆ. ಬಾಲೂ ಅವರ ಬದುಕು ಈ ಮಾತನ್ನು ಅರ್ಧ ಮಾತ್ರ ಒಪ್ಪುತ್ತದೆ. ಆಟ ಅವಕಾಶದ ಬಾಗಿಲು ತೆರೆದದ್ದು ನಿಜ. ಆದರೆ ಪ್ರತಿ ಬಾಗಿಲೂ ತೆರೆದದ್ದು ಗೆಲುವಿನ ಅಗತ್ಯ ಬಿದ್ದಾಗ, ಅಥವಾ ಯಾರೋ ಒಬ್ಬರು ಪಟ್ಟುಹಿಡಿದಾಗ. ಕೀರ್ತಿಕರ್ ಪಟ್ಟುಹಿಡಿದರು, ರಾನಡೆ ಪ್ರಶ್ನೆ ಕೇಳಿದರು, ಸಹೋದರರು ಆಡುವುದಿಲ್ಲ ಎಂದರು. ಸುಮ್ಮನೆ ಚೆಂಡು ಕೊಟ್ಟು ಮಕ್ಕಳನ್ನು ಮೈದಾನಕ್ಕೆ ಬಿಟ್ಟರೆ ಸಮಾನತೆ ತಾನಾಗಿ ಬರುವುದಿಲ್ಲ. ಮಕ್ಕಳು ಊರಿನಿಂದ ಹೊತ್ತು ತಂದ ನಿಯಮಗಳೇ ಅಲ್ಲಿಯೂ ನಡೆಯುತ್ತವೆ.

ಬೋಧನಾಭ್ಯಾಸಕ್ಕೆ ಹೋಗುವ ನನ್ನ ಸಹ ಪ್ರಶಿಕ್ಷಣಾರ್ಥಿಗಳು ಈ ಜೀವನಕಥೆಯನ್ನು ಮೂರು ರೀತಿಯಲ್ಲಿ ಬಳಸಬಹುದು.

ಒಂದು, ವಿಜ್ಞಾನದ ಪಾಠದಲ್ಲಿ. ಎಂಟನೇ ತರಗತಿಯ ಘರ್ಷಣೆ ಪಾಠಕ್ಕೆ ಸ್ಪಿನ್ ಬೌಲಿಂಗ್ ಒಳ್ಳೆಯ ಪೀಠಿಕೆ. ಒಂದೇ ಚೆಂಡನ್ನು ಸಿಮೆಂಟ್ ನೆಲದ ಮೇಲೆ, ಒದ್ದೆ ಮಣ್ಣಿನ ಮೇಲೆ, ಒಣ ಮಣ್ಣಿನ ಮೇಲೆ ತಿರುಗಿಸಿ ಬಿಡಿಸಿ, ಎಷ್ಟು ಪಕ್ಕಕ್ಕೆ ಹೋಯಿತು ಎಂದು ಮಕ್ಕಳಿಂದಲೇ ಅಳೆಸಬಹುದು. ಸಾತಾರಾದ ಪಿಚ್ಚನ್ನು ಯಾಕೆ ಅಷ್ಟು ಗಟ್ಟಿ ಮಾಡಿದರು ಎಂದು ಕೇಳಿದರೆ ಉತ್ತರ ಅವರೇ ಹೇಳುತ್ತಾರೆ.

ಎರಡು, ಸಮಾಜ ವಿಜ್ಞಾನದ ಸ್ನೇಹಿತರು ಸ್ವದೇಶಿ ಚಳವಳಿ, ಪೂನಾ ಒಪ್ಪಂದ, ಅಂಬೇಡ್ಕರ್ ಅವರ ಹೋರಾಟದ ಪಾಠಗಳಲ್ಲಿ ಇದನ್ನು ಕಾಲರೇಖೆಯಾಗಿ ಬರೆಸಬಹುದು. 1892, 1906, 1911, 1920, 1923, 1932, 1937 ಈ ಏಳು ವರ್ಷಗಳೇ ಸಾಕು.

ಮೂರನೆಯದು ಮಕ್ಕಳಿಗಿಂತ ನಮಗೆ ಹೆಚ್ಚು ಬೇಕಾದದ್ದು. ಆಟದ ಅವಧಿಯಲ್ಲಿ ಒಂದು ವಾರ ಪುಸ್ತಕ, ಪೆನ್ನು ಹಿಡಿದು ಸುಮ್ಮನೆ ನೋಡೋಣ. ಬ್ಯಾಟ್ ಯಾರ ಕೈಯಲ್ಲಿ ಹೆಚ್ಚು ಹೊತ್ತು ಇರುತ್ತದೆ? ಗಿಡಗಂಟಿಯೊಳಗೆ ಬಿದ್ದ ಚೆಂಡು ತರಲು ಪ್ರತಿ ಸಲ ಓಡುವವರು ಯಾರು? ಸುಣ್ಣದ ಪುಡಿಯಲ್ಲಿ ಗೆರೆ ಹಾಕಿದವರಿಗೆ ಆಡುವ ಸರದಿ ಬಂತೇ? ಹೆಣ್ಣುಮಕ್ಕಳು ಎಲ್ಲಿ ನಿಂತಿದ್ದಾರೆ? ತಂಡ ಆರಿಸುವಾಗ ಕೊನೆಗೆ ಉಳಿಯುವ ಹೆಸರು ದಿನವೂ ಒಂದೇಯೇ? ಆಟ ಮುಗಿದು ನೀರು ಕುಡಿಯಲು ಹೋದಾಗ, ಬಿಸಿಯೂಟಕ್ಕೆ ಸಾಲಾಗಿ ಕೂತಾಗ, ಯಾರ ಪಕ್ಕ ಯಾರು ಕೂರುತ್ತಾರೆ? ಇದನ್ನು ಬರೆದುಕೊಂಡರೆ ಅದೇ ಒಂದು ಚಿಕ್ಕ ಮಾನವಶಾಸ್ತ್ರೀಯ ಅಧ್ಯಯನ. ಮಕ್ಕಳ ಹೆಸರು ಹೇಳಿ ಯಾರನ್ನೂ ನಾಚಿಸುವ ಅಗತ್ಯವಿಲ್ಲ. ಮರುದಿನ ಸರದಿಯ ಪಟ್ಟಿಯನ್ನು ನಾವೇ ಬದಲಾಯಿಸಿ ಬರೆದರೆ ಸಾಕು. ಚೆಂಡು ತರುವ ಮಗುವಿಗೆ ಬ್ಯಾಟ್, ಬ್ಯಾಟ್ ಹಿಡಿದವನಿಗೆ ಗೆರೆ ಹಾಕುವ ಕೆಲಸ, ಕೊನೆಗೆ ಉಳಿಯುವ ಮಗುವಿಗೆ ತಂಡ ಆರಿಸುವ ನಾಯಕತ್ವ.

ಪುಣೆಯ ಆ ಕ್ಲಬ್ಬಿನಲ್ಲಿ ಯಾರೊಬ್ಬರಾದರೂ ಒಂದು ದಿನ ಬಾಲೂ ಅವರ ಕೈಗೆ ಬ್ಯಾಟ್ ಕೊಟ್ಟಿದ್ದರೆ ಏನಾಗುತ್ತಿತ್ತು ಎಂಬುದು ಈಗ ತಿಳಿಯುವಂತಿಲ್ಲ. ನಮ್ಮ ಶಾಲೆಗಳ ಮೈದಾನದಲ್ಲಿ ಅದನ್ನು ಮಾಡಿ ನೋಡಲು ನಮಗೆ ವಾರಕ್ಕೆ ಕೆಲವು ಆಟದ ಅವಧಿಗಳಿವೆ.